ನಲ್ಲರ್ಬೋರ್ ಬಯಲಲ್ಲಿ ನಾಲ್ಕು ಕೌದಿ

ಚಳಿಗೆ ನಾನು ಹೆದರಿದವನಲ್ಲ; ನನ್ನ ಹೆಸರು ಕೇಳಿದರೆ ಚಳಿಯೇ ಎರಡು ಡಿಗ್ರಿ ಹಿಂದೆ ಸರಿಯುತ್ತದೆ. ಕಳೆದ ಜುಲೈನಲ್ಲಿ, ಅಂದರೆ ಇಲ್ಲಿಯ ನಡುಚಳಿಗಾಲದಲ್ಲಿ, ಮೆಲ್ಬರ್ನಿನ ಕ್ರೇಗಿಬರ್ನ್‌ನಿಂದ ಎರಡು ದಿನ ಕಾರು ಓಡಿಸಿ, ನಲ್ಲರ್ಬೋರ್ ಮರುಭೂಮಿ ಕಡಲಿಗೆ ಬಂದು ಮುಗಿಯುವ ಕಡೆ ಡೇರೆ ಹಾಕಿದೆ. ಜತೆಗೆ ಹೆಂಡತಿ ಆರತಿ, ಹತ್ತು ವರ್ಷದ ಮಗಳು ಆದ್ಯಾ. ಆರತಿಯ ತಮ್ಮ ಇಂದ್ರೇಶ್ ಸಿಡ್ನಿಯಿಂದ ಬಂದು ಪಕ್ಕದಲ್ಲೇ ತನ್ನ ಡೇರೆ ಹೊಡೆದಿದ್ದ.

ಬಂದದ್ದು ತಿಮಿಂಗಿಲ ನೋಡಲು. ಆದ್ಯಾ ಒಂದು ವರ್ಷದಿಂದ ದಿನ ಎಣಿಸುತ್ತಿದ್ದಳು. ಆದರೆ ಆರತಿಯ ಷರತ್ತು ಖಡಕ್: "ಒಂದು ರಾತ್ರಿ ನೋಡತೇನ್ರಿ. ಹುಡುಗಿ ನಡುಗಿದ್ಲಂದ್ರ ಬೆಳಕು ಹರಿಯೂಕಿಂತ ಮೊದಲ ವಾಪಸ್. ತಿಮಿಂಗಿಲಾನೂ ಬ್ಯಾಡ, ಏನೂ ಬ್ಯಾಡ."

"ನಡುಗೂದಾ? ಬೆವರತಾಳ ನೋಡು!" ಎಂದೆ.

ಧಾರವಾಡದ ಅತ್ತೆ ಹಳೆಯ ಸೀರೆ ಪದರಪದರವಾಗಿ ಹೊಲಿದು ಕೊಟ್ಟ ನಾಲ್ಕು ಕೌದಿ ಇದ್ದವು. ಒಂದೊಂದೂ ಎಮ್ಮೆಗರುವಿನ ತೂಕ. ಗಾಳಿ ತುಂಬಿದ ಹಾಸಿಗೆಯ ಮೇಲೆ ಮೂವರೂ ಮಲಗಿ ನಾಲ್ಕನ್ನೂ ಹೊದ್ದೆವು. ಡೇರೆಯ ಗಾಳಿಕಿಂಡಿಗಳಿಗೆಲ್ಲ ನಾನು ಟವೆಲ್ ತುರುಕಿದ್ದೆ. ಇರುವೆ ಕೂಡ ನನ್ನ ಅಪ್ಪಣೆ ಕೇಳಿಯೇ ಒಳಗೆ ಬರಬೇಕಿತ್ತು.

ಎರಡು ಗಂಟೆಗೆ ಡೇರೆಯೊಳಗೆ ಮಳೆ ಶುರುವಾಯಿತು. ಹೊರಗೆ ಆಕಾಶದ ತುಂಬ ನಕ್ಷತ್ರ. ಒಳಗೆ ನಮ್ಮ ಉಸಿರೇ ಮೇಲಿನ ಬಟ್ಟೆಗೆ ತಾಗಿ ನೀರಾಗಿ ನನ್ನ ಮೂಗಿನ ಮೇಲೆ ತೊಟ್ಟಿಕ್ಕುತ್ತಿತ್ತು. ಬೆನ್ನ ಕೆಳಗೆ ದಕ್ಷಿಣ ಧ್ರುವವೇ ಮಲಗಿತ್ತು.

"ಐ ಆಮ್ ನಾಟ್ ಕೋಲ್ಡ್, ಅಮ್ಮಾ," ಎಂದಳು ಆದ್ಯಾ. ಅಷ್ಟು ಹೇಳುವುದರೊಳಗೆ ಅವಳ ಹಲ್ಲು ನಲವತ್ತು ಸಲ ಕಟಕಟಿಸಿತು.

ಪಕ್ಕದ ಡೇರೆಯಿಂದ ಇಂದ್ರೇಶನ ದನಿ: "ಏನ್ ಮಾಮಾ, ಬೆವರು ಒರಸ್ಕೊಳ್ಳಾಕ ಟವೆಲ್ ಬೇಕೇನು?"

"ಸಾಮಾನು ಕಟ್ರಿ," ಎಂದು ಆರತಿ ಟಾರ್ಚ್ ಹಾಕಿದಳು. ಬೆಳಕು ಮಗಳ ಮುಖದ ಮೇಲೆ ಬಿತ್ತು. ಆದ್ಯಾ ಕಣ್ಣು ಒರೆಸಿಕೊಳ್ಳುತ್ತಿದ್ದಳು, ಬಾಯಿ ಬಿಗಿಹಿಡಿದು. ಆರತಿ ಟಾರ್ಚ್ ಕೆಳಗಿಟ್ಟು ಹಾಸಿಗೆಯ ಮೇಲೆ ಅಂಗೈ ಇಟ್ಟು ನೋಡಿದಳು.

"ಅಯ್ಯ ನಿಮ್ಮ! ಮ್ಯಾಲೆ ನಾಲ್ಕು ಹೇರೀರಿ, ಕೆಳಗ ಒಂದೂ ಇಲ್ಲ. ಚಳಿ ಬರಾಕತ್ತಿದ್ದು ನೆಲದಿಂದ. ಫರಸಿ ಕಲ್ಲಿನ ಮ್ಯಾಲೆ ಮಲಗುವಾಗ ನಮ್ಮವ್ವ ಕೌದಿ ಮೊದಲ ಕೆಳಗ ಹಾಸತಿದ್ಲು."

ಇದನ್ನೇ ಹೇಳಲು ನಾನೂ ಬಾಯಿ ತೆರೆದಿದ್ದೆ. ಅವಳು ಅರ್ಧ ಸೆಕೆಂಡು ಮುಂದಾದಳು, ಅಷ್ಟೆ.

ಮೂರು ಕೌದಿ ಕೆಳಗೆ ಹೋದವು, ಒಂದು ಮೇಲೆ ಉಳಿಯಿತು. ಉಸಿರಿನ ಹಬೆ ಹೊರಹೋಗಲೆಂದು ಕಿಂಡಿಗಳ ಟವೆಲ್ ಕಿತ್ತೆವು. ಅರ್ಧ ಗಂಟೆಯಲ್ಲಿ ಆದ್ಯಾ ಕಾಲು ಹೊರಗೆ ಚಾಚಿದಳು. ಆರತಿಯ ಗೊರಕೆ ಅಡಿಲೇಡಿನವರೆಗೂ ಕೇಳಿಸಿತು. ಬೆಳಕು ಹರಿದರೂ ನಾನು ಯಾರನ್ನೂ ಎಬ್ಬಿಸಲಿಲ್ಲ.

ಹತ್ತು ಗಂಟೆಗೆ ಬಂಡೆಯಂಚಿನ ಕಟಕಟೆ ಹಿಡಿದು ನಿಂತಿದ್ದೆವು. ಕೆಳಗೆ ತಾಯಿ ತಿಮಿಂಗಿಲ, ಪಕ್ಕದಲ್ಲೇ ಮರಿ. ಆದ್ಯಾ ಅಮ್ಮನ ತೋಳು ಜಗ್ಗುತ್ತಲೇ ಇದ್ದಳು.

"ಇರೂಣು ತಗೋ, ಇನ್ನೂ ಮೂರು ರಾತ್ರಿ," ಎಂದಳು ಆರತಿ. "ಆದ್ರ ಹಾಸಿಗಿ ನಾ ಹಾಸತೇನಿ. ನಿಮ್ಮಪ್ಪ ಮುಟ್ಟಂಗಿಲ್ಲ."

ಅಷ್ಟರಲ್ಲಿ ತಿಮಿಂಗಿಲ ಬಾಲವೆತ್ತಿ ನೀರಿಗೆ ಅಪ್ಪಳಿಸಿತು. ಅದರ ಉದ್ದ ಒಂದು ಫರ್ಲಾಂಗು. ಕಡಿಮೆಯೇ ಹೇಳುತ್ತಿದ್ದೇನೆ.