ಪಟ್ಟಕ್ಕೆ ಬಂದ ವರ್ಷ

ಮಾವ ಚರ್ಚಿನ ನಿವೃತ್ತ ಸಭಾಪಾಲಕರು. ಯೆರೂಸಲೇಮನ್ನು ಮತ್ತೆ ಕಟ್ಟಲು ಅರ್ತಷಸ್ತ ರಾಜ ಅಪ್ಪಣೆ ಕೊಟ್ಟದ್ದು ಯಾವ ವರ್ಷ, ಬೈಬಲಿನ ದಾನಿಯೇಲನ ಪ್ರವಾದನೆಯ ವರ್ಷಗಳನ್ನು ಎಲ್ಲಿಂದ ಎಣಿಸಬೇಕು ಎನ್ನುವುದೇ ಊಟದ ಹೊತ್ತಿಗೆ ಅವರ ಮಾತು. ಕೇಳುವವಳು ನಾನೊಬ್ಬಳೇ, ಅರ್ಚಕರ ಮನೆಯಿಂದ ಪ್ರೀತಮ್‌ನನ್ನು ಮದುವೆಯಾಗಿ ಬಂದ ಸೊಸೆ.

“ಪರ್ಷಿಯಾದಲ್ಲಿ ಅರಸ ಪಟ್ಟಕ್ಕೆ ಬಂದ ವರ್ಷ ಲೆಕ್ಕಕ್ಕೆ ಇಲ್ಲ ಸ್ಮೃತಿ. ಮುಂದಿನ ಹೊಸವರ್ಷದಿಂದಲೇ ಒಂದನೇ ವರ್ಷ,” ಎನ್ನುತ್ತಿದ್ದರು. ಅತ್ತೆ ಕೇಳದವರಂತೆ ಮೀನಿನ ಮುಳ್ಳು ಬಿಡಿಸುತ್ತಿದ್ದರು. ನಾನು ಬಂದ ಮೊದಲ ವರ್ಷವಿಡೀ ಅವರು ನನ್ನೊಡನೆ ಮಾತೇ ಆಡಿರಲಿಲ್ಲ. ನಾನೇನು ಕಡಿಮೆಯೇ? ನಾನೂ ಮಾತಾಡಿಸಲು ಹೋಗಿರಲಿಲ್ಲ. ಆಮೇಲೂ ನಮ್ಮ ನಡುವೆ ಅಗತ್ಯಕ್ಕೆ ಬೇಕಾದಷ್ಟೇ ಮಾತು.

ನಿನ್ನೆ ನಮ್ಮ ಮದುವೆಗೆ ಎರಡು ವರ್ಷ ತುಂಬಿತು. ಅತ್ತೆ ತಾವೇ ಕೊಡಿಯಾಲ್‌ಬೈಲಿನ ಬೇಕರಿಗಳಿಗೆ ಹೋಗಿ ಮೊಟ್ಟೆ ಹಾಕದ ಕೇಕು ಹುಡುಕಿ ತಂದಿದ್ದರು. ಅದರ ಮೇಲೆ ಒಂದೇ ಮೇಣದಬತ್ತಿ.

“ಇದೆಂತ ಅಮ್ಮ, ಒಂದೇ ಉಂಟು?” ಎಂದ ಪ್ರೀತಮ್.

“ಬಂದ ವರ್ಷ ಲೆಕ್ಕಕ್ಕೆ ಇಲ್ಲ ಮಾರಾಯ. ಪಪ್ಪ ದಿನಾ ಹೇಳುವುದು ನಿನಗೆ ಕೇಳುವುದಿಲ್ವಾ?”

ಅತ್ತೆ ಚಾಕುವನ್ನು ನನ್ನ ಕೈಗೆ ಕೊಟ್ಟರು. ಕೊಟ್ಟ ಮೇಲೂ ಕೈ ಬಿಡಲಿಲ್ಲ.

“ಆ ವರ್ಷ ನಾನಿನ್ನೂ ನಿನಗೆ ಅತ್ತೆ ಆಗಿರ್ಲಿಲ್ಲ ಮಗಾ,” ಎಂದರು.