ಆರು ಹಿಡಿಗಳು

ಬಿಳಿ ಹೂವನ್ನು ತನ್ನ ಕೋಟಿಗೆ ಚುಚ್ಚಿಕೊಳ್ಳಲು ಹೊರಟಿದ್ದ ರಾಯ್ಸ್‌ನ ಕೈಯನ್ನು ತಾಯಿ ವರ್ಲೀನ್ ಮೆಲ್ಲಗೆ ಹಿಡಿದಳು.

"ಅದು ಶವಪೆಟ್ಟಿಗೆ ಹೊರೋರಿಗೆ, ಕಂದಾ."

ಹೊರುವವರ ಹೆಸರನ್ನು ಸತ್ತವನೇ ಬರೆದಿಟ್ಟಿದ್ದ. ಪೆಟ್ಟಿಗೆಯ ಆರು ಹಿಡಿಗಳಿಗೆ ಆರು ಹೆಸರು, ಎದುರಿಗೆ ಅಂಕಿ ಸಮೇತ. ಹಾಯ್ಟ್ ಪೆಟಿಗ್ರೂ ಮೂವತ್ತೆಂಟು ವರ್ಷ ಅಲಬಾಮಾದ ಹೈಸ್ಕೂಲುಗಳಲ್ಲಿ ಅಮೆರಿಕನ್ ಫುಟ್‌ಬಾಲ್ ಆಡುವ ಹುಡುಗರನ್ನು ಅಳೆದು, ಒಂದರಿಂದ ಐದು ನಕ್ಷತ್ರ ಕೊಟ್ಟು, ಪ್ರತಿ ಬೇಸಿಗೆಯಲ್ಲಿ ನೂರು ಜನರ ಪಟ್ಟಿ ಅಚ್ಚು ಹಾಕಿಸಿದವನು. ಆ ಪಟ್ಟಿ ನೋಡಿಕೊಂಡೇ ಕಾಲೇಜಿನ ತರಬೇತುದಾರರು ತಮ್ಮ ತಂಡಕ್ಕೆ ಕರೆಯಲು ಹುಡುಗರ ಮನೆ ಬಾಗಿಲಿಗೆ ಬರುತ್ತಿದ್ದರು. ಇಂದಿನ ಆರು ಮಂದಿಯೂ ಅವನ ಐದು ನಕ್ಷತ್ರದ ಹುಡುಗರು. ಈಗ ಹೊಟ್ಟೆ ಬಂದ ಗಂಡಸರು.

"ಮನೆಯವರು ಹೊರೋದಿಲ್ಲ ಕಣೋ. ಅದು ಪದ್ಧತಿ."

"ಇದು ಪದ್ಧತಿ ಅಲ್ಲಮ್ಮ," ಎಂದ ರಾಯ್ಸ್. "ಅಪ್ಪನ ಪಟ್ಟಿ."

ಅವನಿಗೆ ಐವತ್ತೊಂದು ವರ್ಷ. ವರ್ಲೀನ್ ಅವನ ಟೈ ಸರಿಮಾಡಿದಳು, ಹದಿನೇಳರವನಿಗೆ ಮಾಡುತ್ತಿದ್ದಂತೆ.

* * *

ಹದಿನೇಳರಲ್ಲಿ ರಾಯ್ಸ್ ಶಾಲಾ ತಂಡದ ಮುಂಚೂಣಿಯಲ್ಲಿ ಆಡುತ್ತಿದ್ದ. ಎದುರಾಳಿಗಳನ್ನು ಎದೆಯೊಡ್ಡಿ ತಡೆಯುವುದು ಅವನ ಕೆಲಸ. ಅವನು ತೆರೆದ ದಾರಿಯಲ್ಲಿ ಚೆಂಡು ಹಿಡಿದು ಓಡುವವನು ಟೆರೆಲ್ ಬೂಕರ್. ಪ್ರತಿ ಶುಕ್ರವಾರ ಪಂದ್ಯದ ವೇಳೆ ಹಾಯ್ಟ್ ಕಟ್ಟೆಯ ಮೇಲೆ ಕೂತು ಪುಸ್ತಕದಲ್ಲಿ ಬರೆಯುತ್ತಿದ್ದ. ಚೆಂಡು ನೋಡುವವರು ಪ್ರೇಕ್ಷಕರು, ತಾನು ನೋಡುವುದು ಪಾದ ಎನ್ನುತ್ತಿದ್ದ.

ಆ ಬೇಸಿಗೆ ಪಟ್ಟಿ ಬಂದಾಗ ರಾಯ್ಸ್ ನೂರರಿಂದ ಮೇಲಕ್ಕೆ ಓದಿದ. ಮೊದಲನೆಯ ಸಾಲಿನಲ್ಲಿ ಟೆರೆಲ್ ಇದ್ದ. ತನ್ನ ಹೆಸರು ಎಲ್ಲೂ ಇರಲಿಲ್ಲ.

"ಸ್ವಂತ ಮಗನ ಹೆಸರು ಹಾಕಿದ್ರೆ ಮಿಕ್ಕೋರ ನಕ್ಷತ್ರಕ್ಕೆ ಬೆಲೆ ಇರಲ್ಲ," ಎಂದ ಹಾಯ್ಟ್.

"ಅಚ್ಚು ಹಾಕ್ಬೇಡ. ನಾನು ಎಷ್ಟನೆಯವನು ಅಂತ ನಂಗೊಬ್ಬನಿಗೆ ಹೇಳು."

ಹಾಯ್ಟ್ ತನ್ನ ತಟ್ಟೆ ತೊಳೆದು, ಒರೆಸಿ, ಕಪಾಟಿನಲ್ಲಿಟ್ಟ. ಮೂವತ್ತನಾಲ್ಕು ವರ್ಷ ಕಳೆದರೂ ಹೇಳಲಿಲ್ಲ.

* * *

ಚರ್ಚಿನ ಮೆಟ್ಟಿಲ ಬಳಿ, ಚೆಂಡಿನ ಆಕಾರದಲ್ಲಿ ಕಟ್ಟಿದ ಹೂಗುಚ್ಛದ ಪಕ್ಕ, ಟೆರೆಲ್ ಮಂಡಿ ಉಜ್ಜಿಕೊಳ್ಳುತ್ತ ನಿಂತಿದ್ದ. ಕಾಲೇಜಿನ ಎರಡನೇ ವರ್ಷದಲ್ಲೇ ಮುರಿದಿದ್ದ ಮಂಡಿ.

"ಮೊದಲನೇ ಹಿಡಿ ನಿಂದೇ ಅಂತೆ. ಅಭಿನಂದನೆ," ಎಂದ ರಾಯ್ಸ್.

ಟೆರೆಲ್ ಮಂಡಿ ಉಜ್ಜುವುದನ್ನು ನಿಲ್ಲಿಸಿದ.

"ನಿಮ್ಮಪ್ಪ ನಮ್ಮನೆಗೆ ನಲವತ್ತು ಸಲ ಬಂದಿದ್ದಾರೆ. ಅಮ್ಮ ಮಾಡಿದ ಪೀಚ್ ಕಡುಬು ತಿಂತಾ ನನ್ನ ಕಾಲೇ ನೋಡೋರು. ಮಂಡಿ ಹೋದ ಮೇಲೆ ಒಂದು ಸಲಾನೂ ಬರಲಿಲ್ಲ. ನಿನ್ನ ಹತ್ರ ಮಾತ್ರ ದಿನಾ ಬರೋರು, ನೀನು ಆಡಿದ್ರೂ ಆಡದಿದ್ರೂ. ನಿನ್ನ ಕಂಡ್ರೆ ಹೊಟ್ಟೆ ಉರೀತಿತ್ತು ಮಾರಾಯ."

ರಾಯ್ಸ್‌ಗೆ ಸಮಾಧಾನವಾಗಬೇಕಿತ್ತು. ಆದರೆ ನಲವತ್ತು ಎಂಬುದಷ್ಟೇ ಕಿವಿಯಲ್ಲಿ ನಿಂತಿತು. ಅಷ್ಟು ಸಲ ಅಪ್ಪ ತನ್ನ ಕಾಲು ನೋಡಿದ್ದನೇ?

ಆರು ಮಂದಿ ಪೆಟ್ಟಿಗೆ ಹೊತ್ತು ಹತ್ತಿದ ಸ್ಮಶಾನದ ಏರಿನಲ್ಲಿ ಕೆಂಪು ಜೇಡಿಮಣ್ಣು ಇನ್ನೂ ಹಸಿಯಾಗಿತ್ತು. ಅರ್ಧ ದಾರಿಗೆ ಪೆಟ್ಟಿಗೆ ಮುಂದಕ್ಕೆ ವಾಲಿತು. ಟೆರೆಲ್‌ನ ಮುಖ ಬೆವರಿತ್ತು.

"ರಾಯ್ಸ್," ಎಂದ ಅವನು, ತಿರುಗದೆಯೇ. "ಬಾ. ಇನ್ನು ನನ್ನ ಕೈಲಾಗಲ್ಲ."

ರಾಯ್ಸ್ ತಾಯಿಯ ಕಡೆ ನೋಡಿದ. ವರ್ಲೀನ್ ಅವನ ತೋಳಿನಿಂದ ಕೈ ತೆಗೆದಳು.

ಅವನು ಮೊದಲನೇ ಹಿಡಿ ಹಿಡಿದ. ಆಟದ ದಿನಗಳಲ್ಲಿದ್ದಂತೆ ಮಂಡಿ ತಾನಾಗಿ ಬಾಗಿತು, ಬೆನ್ನು ನೆಟ್ಟಗಾಯಿತು. ಹೆಜ್ಜೆ ಗಿಡ್ಡವಾಗಿ, ಅಗಲವಾಗಿ, ಜೇಡಿಯನ್ನು ಕಚ್ಚಿಕೊಂಡು ಮೇಲೇರಿತು. ಪೆಟ್ಟಿಗೆ ಮತ್ತೆ ವಾಲಲಿಲ್ಲ.

ಗುಂಡಿಯ ಆಚೆ ಹಾಯ್ಟ್‌ನ ಕಾಲದ ಮೂವರು ಮುದಿ ತರಬೇತುದಾರರು ಟೋಪಿ ತೆಗೆದು ನಿಂತಿದ್ದರು. ಅವರು ಪೆಟ್ಟಿಗೆ ನೋಡುತ್ತಿರಲಿಲ್ಲ, ರಾಯ್ಸ್‌ನ ಮುಖವನ್ನೂ ನೋಡುತ್ತಿರಲಿಲ್ಲ. ಮೂವರ ಕಣ್ಣೂ ಅವನ ಪಾದಗಳ ಮೇಲಿತ್ತು. ಅವರಲ್ಲೊಬ್ಬ, ತನಗರಿವಿಲ್ಲದೆಯೇ, ಕೋಟಿನ ಜೇಬಿನಿಂದ ಪೆನ್ಸಿಲ್ ತೆಗೆದು, ಪ್ರಾರ್ಥನೆಯ ಹಾಳೆಯನ್ನು ಖಾಲಿ ಬದಿಗೆ ಮಗುಚಿಕೊಂಡ.