ಪಗಾರ ಆರಕ್ಕೆ, ಬಿಲ್ಲು ಮೂರಕ್ಕೆ

ಫೋನು ಮತ್ತೆ ಹೊಡೆದುಕೊಂಡಿತು. ಅದೇ ಗುರುತಿಲ್ಲದ ನಂಬರು. ಬೆಳಗಿನಿಂದ ಇದು ನಾಲ್ಕನೇ ಸಲ.

ಸಿಂದಗಿಯಿಂದ ಇಂಡಿ ಮೇಲೆ ಹೊರ್ತಿಗೆ ಹೊರಟ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಂಡಕ್ಟರ್ ಸುವರ್ಣಾ ಒಂದು ಕೈಯಲ್ಲಿ ಕಂಬಿ ಹಿಡಿದು, ಇನ್ನೊಂದು ಕೈಯಲ್ಲಿ ಟಿಕೆಟ್ ಮಿಷನ್ ಒತ್ತುತ್ತಿದ್ದಳು. ಬೆಳಗಿನ ಐದಕ್ಕೆ ಎದ್ದವಳು. ಮೊಣಕಾಲು ಆಗಲೇ ಸೆಳೆಯುತ್ತಿತ್ತು. ಬೇಸತ್ತು ಫೋನು ಕಿವಿಗಿಟ್ಟಳು.

"ಮೇಡಂ, ನಿಮ್ಮ ಕ್ರೆಡಿಟ್ ಕಾರ್ಡ್ ಬಿಲ್ ಬಾಕಿ ಇದೆ. ಯಾವಾಗ ಕಟ್ತೀರಾ?"

"ಡ್ಯೂಟಿ ಮ್ಯಾಲ ಇದ್ದೇನ್ರಿ. ಆಮ್ಯಾಲ ಮಾತಾಡ್ತೇನಿ."

"ಮೊನ್ನೆನೂ ಹೀಗೇ ಅಂದ್ರಿ ಮೇಡಂ. ಹದಿನೇಳು ಸಾವಿರದ ನಾಲ್ಕುನೂರಾಗಿದೆ."

ಹದಿನೇಳು ಸಾವಿರ! ಸುವರ್ಣಾ ಫೋನು ಕಿವಿಗಿಟ್ಟುಕೊಂಡೇ ಮನಸ್ಸಿನಲ್ಲಿ ಲೆಕ್ಕ ಹಾಕತೊಡಗಿದಳು. ಅಷ್ಟರಲ್ಲಿ ಒಂದು ಸ್ಟಾಪಿನಲ್ಲಿ ಇಬ್ಬರು ಹೆಂಗಸರು ಹತ್ತಿ ಹಿಂದೆ ಹೋಗಿ ಕುಳಿತರು. ಅವಳು ನೋಡಲಿಲ್ಲ. ಎರಡು ಕಿಲೋಮೀಟರ್ ದಾಟುವುದರೊಳಗೆ ಚೆಕಿಂಗಿನವರು ಬಸ್ಸಿಗೆ ಕೈ ಮಾಡಿದರು. ಹೆಣ್ಣುಮಕ್ಕಳ ಪ್ರಯಾಣ ಪುಕ್ಕಟೆಯಾದರೂ ಶೂನ್ಯ ಟಿಕೆಟ್ ಕೊಡಲೇಬೇಕು. ಆ ಇಬ್ಬರ ಕೈಯಲ್ಲಿ ಟಿಕೆಟ್ ಇರಲಿಲ್ಲ.

"ನಾವು ಕೇಳಿದ್ವಿರಿ. ಆಕಿ ಫೋನಿನ್ಯಾಗ ಇದ್ಲು" ಎಂದಳು ಅವರಲ್ಲೊಬ್ಬಳು. ಅದು ಸುಳ್ಳಲ್ಲ. ಸುವರ್ಣಾ ತಲೆ ತಗ್ಗಿಸಿ ಮೆಮೊಗೆ ಸಹಿ ಹಾಕಿದಳು. ಒಂಬತ್ತು ವರ್ಷದ ನೌಕರಿಯಲ್ಲಿ ಅದು ಅವಳ ಮೊದಲ ಮೆಮೊ.

ಇಂಡಿ ಬಸ್ ನಿಲ್ದಾಣದಲ್ಲಿ ಬಸ್ಸು ಅರ್ಧ ತಾಸು ನಿಲ್ಲುತ್ತದೆ. ಡ್ರೈವರ್ ಚಹಾಕ್ಕೆ ಹೋದ. ಸುವರ್ಣಾ ಇಳಿಯಲೇ ಇಲ್ಲ. ತನ್ನ ಸೀಟಿನಲ್ಲೇ ಕುಳಿತು ಸೆರಗಿನಿಂದ ಕಣ್ಣೊರೆಸಿಕೊಂಡಳು. ಹೊರ್ತಿಗೆ ಹೋಗಲು ಹತ್ತಿದ ಶಬಾನಾ ಅದನ್ನು ಕಂಡಳು. ಶಬಾನಾ ಹೊರ್ತಿಯಲ್ಲಿ ಬ್ಯಾಂಕ್ ಸಖಿ. ಸ್ವಸಹಾಯ ಸಂಘದ ಹೆಂಗಸರ ಉಳಿತಾಯ, ಪಿಂಚಣಿ, ಖಾತೆಯ ಕೆಲಸ ಎಲ್ಲಾ ಅವಳದೇ. ದಿನಾ ಇದೇ ಬಸ್ಸು.

"ಸುವರ್ಣಕ್ಕಾ, ಏನಾತು?"

"ಏನ್ ಹೇಳ್ಲಿ ಶಬಾನಾ. ಒಂದ್ ಫ್ರಿಜ್ ತಗೊಂಡು ಮೂರು ತಿಂಗಳಾತು, ಜೀವ ಸಾಕಾಗೈತಿ."

ಅವಳು ಎಲ್ಲ ಹೇಳಿಕೊಂಡಳು. ಅತ್ತೆ ಶಂಕ್ರೆವ್ವನಿಗೆ ಸಕ್ಕರೆ ಕಾಯಿಲೆ. ದಿನಾ ಇನ್ಸುಲಿನ್ ಚುಚ್ಚಬೇಕು. ಔಷಧ ತಂಪಿನಲ್ಲಿಡಬೇಕು ಎಂದಿದ್ದರು ಡಾಕ್ಟರು. ನಮ್ಮ ಕಡೆಯ ಬಿಸಿಲು ಗೊತ್ತೇ ಇದೆ. ಆಗಲೇ ಡಿಪೋ ಹತ್ತಿರ ಒಬ್ಬ ಹುಡುಗ ಫಾರ್ಮು ಹಿಡಿದು ಬಂದಿದ್ದ. ಪಗಾರದ ಚೀಟಿ ನೋಡಿ ಕಾರ್ಡು ಮಾಡಿಸಿಕೊಟ್ಟ. ಆ ಕಾರ್ಡಿನಲ್ಲೇ ಹದಿನೈದು ಸಾವಿರದ ಇನ್ನೂರಕ್ಕೆ ಫ್ರಿಜ್ಜು ಬಂತು. ಫಾರ್ಮು ತುಂಬುವ ದಿನ ಸುವರ್ಣಾಳ ಫೋನು ರಿಪೇರಿಗೆ ಹೋಗಿತ್ತು. ಅದಕ್ಕೇ ಗಂಡ ಅಮಸಿದ್ದನ ನಂಬರು ಮೊದಲು ಬರೆಸಿ, ತನ್ನದನ್ನು ಎರಡನೆಯದಾಗಿ ಬರೆಸಿದ್ದಳು. ಅಮಸಿದ್ದ ಕುರಿ ಸಾಕುವವನು. ಫೋನಿಗೆ ಬ್ಯಾಂಕಿನ ಮೆಸೇಜು ಬಂದರೆ ಮೋಸಗಾರರದು ಎಂದು ಅಳಿಸಿಬಿಡುತ್ತಿದ್ದ.

"ಪಗಾರ ಆದ ಮ್ಯಾಲ ಕಟ್ಟಿದ್ರಾತು ಅಂತ ನಾ ಸುಮ್ನಿದ್ದೆ" ಎಂದಳು ಸುವರ್ಣಾ. "ಎಂಟನೇ ತಾರೀಖಿಗೆ ಫೋನ್ ಬಂತು. ಮಿನಿಮಮ್ ಎಂಟುನೂರಾದ್ರೂ ಕಟ್ರಿ ಅಂದ್ರು. ಮರುದಿನ ಕಟ್ಟಿದೆ. ಮುಂದಿನ ತಿಂಗಳ ಬಿಲ್ ಕೇಳಿದ್ರ ಹದಿನೈದು ಸಾವಿರದ ಒಂಬೈನೂರು! ಕಟ್ಟಿದ ಮ್ಯಾಲೂ ಹೆಚ್ಚಾಗತೈತೇನ? ಮನ್ಯಾಗ ಹೇಳಿದೆ. ನಮ್ಮನಿಯವ್ರು ಸಿಟ್ಟಿಗೆದ್ದು ಕತ್ತರಿ ತಗೊಂಡು ಕಾರ್ಡ್ ಎರಡು ತುಂಡು ಮಾಡಿದ್ರು. ಪೀಡಾ ಹೋತು ಅಂದ್ರು. ಅದಕ್ಕ ಆ ತಿಂಗಳ ಏನೂ ಕಟ್ಟಲಿಲ್ಲ."

ಶಬಾನಾ ಅವಳ ಕೈ ಹಿಡಿದುಕೊಂಡಳು. "ಅಕ್ಕಾ, ಕಾರ್ಡ್ ಕತ್ತರಿಸಿದ್ರ ಪ್ಲಾಸ್ಟಿಕ್ ಹೋಗತೈತಿ. ಬಾಕಿ ಹೋಗಂಗಿಲ್ಲ. ನಾಳಿ ನಿನ್ನ ವಾರದ ರಜಾ ಹೌದಲ್ಲ? ನಾ ಮನಿಗೆ ಬರ್ತೇನಿ. ಅಣ್ಣಾರ್ನೂ ಇರಾಕ ಹೇಳು."

ಮರುದಿನ ಸಂಜೆ ಶಬಾನಾ ಬಂದಳು. ಅಮಸಿದ್ದ ಕುರಿಗಳನ್ನು ಹಟ್ಟಿಗೆ ಕೂಡಿ ಆಗಷ್ಟೇ ಕೈಕಾಲು ತೊಳೆದಿದ್ದ. ಮಾತು ಶುರುವಾಗುವ ಮೊದಲೇ ರೇಗಿದ.

"ನೋಡ್ ತಂಗಿ, ಬ್ಯಾಂಕಿನವ್ರ ಪರವಾಗಿ ಬಂದಿದ್ರ ಚಹಾ ಕುಡದು ಹೋಗು. ಹದಿನೈದು ಸಾವಿರದ ಸಾಮಾನು ಕೊಟ್ಟು ಹದಿನೇಳು ಸಾವಿರ ಕೇಳಾಕತ್ತಾರ. ಇದು ಮೋಸ ಅಲ್ದ ಮತ್ತೇನು?"

"ನಾ ಯಾರ ಪರವಾಗೂ ಬಂದಿಲ್ರಿ ಅಣ್ಣಾರ. ಅಕ್ಕ ನಿನ್ನಿ ಬಸ್ಸಿನ್ಯಾಗ ಅಳೂದು ನೋಡಿ ಬಂದೇನಿ. ಮೆಮೊ ಸಿಕ್ಕಿದ್ದು ಹೇಳ್ಯಾಳೇನ್ರಿ?"

ಅಮಸಿದ್ದ ಹೆಂಡತಿಯ ಕಡೆ ನೋಡಿದ. ಅವಳು ಹೇಳಿರಲಿಲ್ಲ. ಹೇಳುವ ತ್ರಾಣವೂ ಉಳಿದಿರಲಿಲ್ಲ. ಅವನ ದನಿ ಇಳಿಯಿತು. "ಹೇಳು ತಂಗಿ. ಎಲ್ಲಿ ತಪ್ಪೀವಿ?"

ಶಬಾನಾ ಸುವರ್ಣಾಳ ಫೋನಿನಲ್ಲೇ ಬ್ಯಾಂಕಿನ ಆಪ್ ಹಾಕಿಸಿ ಬಿಲ್ಲು ತೆಗೆದು ತೋರಿಸಿದಳು.

"ಇಲ್ಲಿ ಎರಡು ತಾರೀಖ ಅದಾವ ನೋಡ್ರಿ. ಹದಿನಾಲ್ಕಕ್ಕ ಬಿಲ್ ತಯಾರಾಗತೈತಿ. ಮುಂದಿನ ತಿಂಗಳ ಮೂರಕ್ಕ ಕಟ್ಟೂ ಕೊನೇ ತಾರೀಖ. ಅಕ್ಕನ ಪಗಾರ ಯಾವಾಗ ಬರತೈತಿ?"

"ಆರಕ್ಕ. ಒಮ್ಮೊಮ್ಮೆ ಏಳಕ್ಕ" ಎಂದಳು ಸುವರ್ಣಾ.

"ಅದ ನೋಡು. ಪಗಾರ ಬರೂದ್ರೊಳಗ ಕೊನೇ ತಾರೀಖ ಮುಗದಿರ್ತೈತಿ. ನೀ ಕಟ್ಟಿದ್ದು ಒಂಬತ್ತಕ್ಕ. ಅದಕ್ಕ ಲೇಟ್ ಫೀ ಏಳುನೂರಾ ಐವತ್ತು, ಅದರ ಮ್ಯಾಲ ಟ್ಯಾಕ್ಸ್. ಎರಡನೇ ಸಲ ಕಟ್ಟಲೇ ಇಲ್ಲ, ಮತ್ತ ಅಷ್ಟ ಬಿತ್ತು. ಬಡ್ಡಿ ಬ್ಯಾರೆ."

"ಎಂಟುನೂರು ಕಟ್ಟಿದ್ಲಲ್ಲ?" ಎಂದ ಅಮಸಿದ್ದ.

"ಮಿನಿಮಮ್ ವ್ಯಾಳ್ಯಾಕ್ಕ ಕಟ್ಟಿದ್ರ ಲೇಟ್ ಫೀ ಬೀಳಂಗಿಲ್ರಿ, ಅಷ್ಟ. ಉಳಿದಿದ್ದಕ್ಕ ಬಡ್ಡಿ ಓಡ್ತಾನ ಇರ್ತೈತಿ. ಪೂರ್ತಿ ಕಟ್ಟಿದ್ರ ಮಾತ್ರ ಬಡ್ಡಿ ಇಲ್ಲ."

ಮೂಲೆಯಲ್ಲಿ ಕುಳಿತಿದ್ದ ಶಂಕ್ರೆವ್ವ ಕೇಳುತ್ತಲೇ ಇದ್ದಳು. "ನನ್ನ ಸೂಜಿ ಔಷಧಕ್ಕ ಇಷ್ಟೆಲ್ಲಾ ಆತಲ್ಲವ್ವಾ. ಆ ಫ್ರಿಜ್ಜು ವಾಪಸ್ ಕೊಟ್ಟುಬಿಡ್ರಿ. ನಾ ಗಡಿಗ್ಯಾಗ ಇಟ್ಕೋತೇನಿ."

"ಅತ್ತಿ, ಸುಮ್ನಿರ್ರಿ" ಎಂದಳು ಸುವರ್ಣಾ. "ಫ್ರಿಜ್ಜಿಂದೇನೂ ತಪ್ಪಿಲ್ಲ. ಬಿಲ್ ನೋಡದ ಕುಂತಿದ್ದು ನಂದ ತಪ್ಪು."

"ನಂದೂ ಐತಿ" ಎಂದ ಅಮಸಿದ್ದ ಮೆಲ್ಲಗೆ. "ಮೆಸೇಜ್ ಬಂದಾಗೆಲ್ಲ ಅಳಿಸಿದಾಂವ ನಾನ."

"ನೀವು ಹುಷಾರಾಗಿದ್ದದ್ದು ಚೊಲೋನರಿ ಅಣ್ಣಾರ. ಮೆಸೇಜಿನ್ಯಾಗ ಬಂದ ಲಿಂಕ್ ಒತ್ತಬ್ಯಾಡ್ರಿ, ಓಟಿಪಿ ಯಾರಿಗೂ ಹೇಳಬ್ಯಾಡ್ರಿ. ಅನುಮಾನ ಬಂದ್ರ ಆಪಿನ್ಯಾಗ ನೋಡ್ರಿ, ಇಲ್ಲಾ ಬಿಲ್ಲಿನ ಮ್ಯಾಲ ಇರೂ ನಂಬರಿಗೆ ನೀವ ಫೋನ್ ಮಾಡಿ ಕೇಳ್ರಿ. ಆದ್ರ ಓದದ ಅಳಿಸಬ್ಯಾಡ್ರಿ."

ಮುಂದಿನ ಸಂತೆಗೆ ಅಮಸಿದ್ದ ಎರಡು ಟಗರು ಹೊಡೆದುಕೊಂಡು ಹೋದ. ಅವನ್ನು ಹಬ್ಬಕ್ಕೆ ಮಾರಿದ್ದರೆ ಇನ್ನೂ ನಾಲ್ಕು ಸಾವಿರ ಹೆಚ್ಚು ಬರುತ್ತಿತ್ತು. ಕಾಯುವಂತಿರಲಿಲ್ಲ. ಬಂದ ದುಡ್ಡಿಗೆ ಸುವರ್ಣಾ ಸಂಘದಲ್ಲಿಟ್ಟ ಉಳಿತಾಯ ಸೇರಿಸಿ ಬಾಕಿಯನ್ನೆಲ್ಲ ಒಂದೇ ಸಲಕ್ಕೆ ಕಟ್ಟಿದಳು.

ಆಮೇಲೆ ಶಬಾನಾಳನ್ನು ಪಕ್ಕದಲ್ಲಿ ಕೂಡಿಸಿಕೊಂಡು ಬ್ಯಾಂಕಿಗೆ ತಾನೇ ಫೋನು ಮಾಡಿದಳು. ಕಾಯಿಸಿದರು. ಒಬ್ಬರಿಂದ ಇನ್ನೊಬ್ಬರಿಗೆ ಕೊಟ್ಟರು. ಹೇಳಿದ್ದನ್ನೇ ಮೂರು ಸಲ ಹೇಳಬೇಕಾಯಿತು. ಬಿಡದೆ ಹೇಳಿದಳು. ಮೊದಲ ನಂಬರಿನ ಜಾಗಕ್ಕೆ ತನ್ನ ನಂಬರು ಬರೆಸಿದಳು. ಬಿಲ್ಲಿನ ತಾರೀಖು ಬದಲಿಸಲು ಕೇಳಿದಳು. ಈಗ ಇಪ್ಪತ್ತಕ್ಕೆ ಬಿಲ್ಲು, ಮುಂದಿನ ತಿಂಗಳ ಹತ್ತಕ್ಕೆ ಕೊನೆಯ ದಿನ. ಪಗಾರ ಬಂದ ಮೇಲೂ ಮೂರ್ನಾಲ್ಕು ದಿನ ಕೈಯಲ್ಲಿರುತ್ತವೆ. ತಾನು ಹೊಸ ಗ್ರಾಹಕಳು, ಕಟ್ಟಿದ ಲೇಟ್ ಫೀ ವಾಪಸ್ ಕೊಡಿ ಎಂದು ವಿನಂತಿಸಿದಳು. ಒಂದನ್ನು ಕೊಟ್ಟರು, ಇನ್ನೊಂದನ್ನು ಕೊಡಲಿಲ್ಲ.

"ಆಟೋ ಪೇ ಹಾಕ್ಸು. ಪಗಾರದ ಖಾತೆಯಿಂದ ತಾನ ಹೋಗಲಿ" ಎಂದಳು ಶಬಾನಾ. "ಅದರಾಗ ಮಿನಿಮಮ್ ಅಂತ ಒತ್ತಬ್ಯಾಡ, ಪೂರ್ತಿ ಬಿಲ್ ಅಂತ ಒತ್ತು. ಖಾತ್ಯಾಗ ರೊಕ್ಕ ಇರಬೇಕು ಮತ್ತ. ಇಲ್ಲಂದ್ರ ವಾಪಸ್ ಆಗಿ ಅದಕ್ಕೂ ದಂಡ ಬೀಳತೈತಿ."

"ಕಾರ್ಡ್ ಬ್ಯಾಡ ಅನಿಸಿದ್ರ?" ಎಂದು ಕೇಳಿದ ಅಮಸಿದ್ದ. ಅವನಿಗಿನ್ನೂ ಪೂರ್ತಿ ಧೈರ್ಯ ಬಂದಿರಲಿಲ್ಲ.

"ಬಾಕಿ ಎಲ್ಲಾ ಮುಗಿಸಿ, ಬಂದ್ ಮಾಡ್ರಿ ಅಂತ ಬ್ಯಾಂಕಿಗೆ ಹೇಳಬೇಕ್ರಿ. ಬಂದ್ ಆತು ಅಂತ ಮೆಸೇಜ್ ಬರೂತನಾ ಬಿಡಬಾರ್ದು. ಕತ್ತರಿಯಿಂದ ಬಂದ್ ಆಗಂಗಿಲ್ಲ."

ಗಂಡ ಹೆಂಡತಿ ಮಾತಾಡಿಕೊಂಡು ಒಂದು ವರ್ಷ ಇಟ್ಟು ನೋಡೋಣ ಎಂದರು. ತುಂಡಾದ ಕಾರ್ಡಿನ ಬದಲು ಬ್ಯಾಂಕಿನಿಂದ ಹೊಸದನ್ನು ತರಿಸಿಕೊಂಡು, ಅದರ ಮಿತಿಯನ್ನು ಇಪ್ಪತ್ತು ಸಾವಿರಕ್ಕೆ ಇಳಿಸಿಕೊಂಡರು. ಅತ್ತೆಯ ಔಷಧಕ್ಕೆ ಬಿಟ್ಟು ಬೇರೆಯದಕ್ಕೆ ಕಾರ್ಡು ತೆಗೆಯುವುದಿಲ್ಲ ಎಂದು ಅಮಸಿದ್ದನೇ ಕಟ್ಟುಪಾಡು ಹಾಕಿದ. ಈಗ ಫೋನಿಗೆ ಮೆಸೇಜು ಬಂದರೆ, "ಏ, ಬಿಲ್ ಬಂತೇನ ನೋಡು" ಎಂದು ಮೊದಲು ಕೇಳುವವನು ಅವನೇ.

ಮುಂದಿನ ತಿಂಗಳ ಹತ್ತನೇ ತಾರೀಖು ಸುವರ್ಣಾ ಹೊರ್ತಿಯಲ್ಲಿ ಬಸ್ಸು ನಿಂತಾಗ ಫೋನು ತೆಗೆದಳು. ಔಷಧದ ಬಿಲ್ಲು ಪೂರ್ತಿ ಸಂದಾಯವಾಗಿತ್ತು. ಲೇಟ್ ಫೀ ಇರಲಿಲ್ಲ. ಬಡ್ಡಿ ಇರಲಿಲ್ಲ. ಅವಳಿಗೆ ಕುಣಿಯುವಷ್ಟು ಸಂತೋಷವೇನೂ ಆಗಲಿಲ್ಲ. ಮೆಮೊದ ದಂಡ ಆ ತಿಂಗಳ ಪಗಾರದಲ್ಲೇ ಕಡಿತವಾಗಿತ್ತು. ಅದು ತಿರುಗಿ ಬರುವುದಲ್ಲ. ಆದರೆ ಆ ದಿನ ಯಾರ ಫೋನೂ ಬರಲಿಲ್ಲ. ಅವಳು ಹತ್ತು ನಿಮಿಷ ಕಾಲು ಚಾಚಿ, ಕಣ್ಣು ಮುಚ್ಚಿ ಕುಳಿತಳು.

ಓದುತ್ತಿರುವ ಅಕ್ಕಾ, ಅಣ್ಣಾ, ನಿಮ್ಮ ಮನೆಗೂ ಹೊಸ ಕಾರ್ಡು ಬಂದಿದೆಯೇ? ಹಾಗಾದರೆ ಇವತ್ತೇ ಬಿಲ್ಲು ತೆಗೆದು ಕೊನೆಯ ತಾರೀಖು ಯಾವುದು ನೋಡಿ. ಅದು ನಿಮ್ಮ ಪಗಾರಕ್ಕಿಂತ ಮುಂಚೆ ಬರುತ್ತಿದ್ದರೆ ಬದಲಿಸಲು ಬ್ಯಾಂಕಿಗೆ ಕೇಳಿ. ಕೇಳುವುದು ನಿಮ್ಮ ಹಕ್ಕು. ಮೆಸೇಜು ನೀವೇ ಓದುವ ಫೋನಿಗೆ ಬರಲಿ. ಕೊನೆಯ ದಿನದವರೆಗೆ ಕಾಯದೆ ಎರಡು ಮೂರು ದಿನ ಮೊದಲೇ ಕಟ್ಟಿ, ಆದಷ್ಟೂ ಪೂರ್ತಿ ಕಟ್ಟಿ. ತಿಳಿಯದಿದ್ದರೆ ನಿಮ್ಮೂರಿನ ಬ್ಯಾಂಕ್ ಸಖಿಯನ್ನು ಕೇಳಲು ನಾಚಬೇಡಿ. ದುಡಿದು ದಣಿಯುವುದೇ ನಮಗೆ ಸಾಕಷ್ಟಿದೆ. ಮರೆತದ್ದಕ್ಕೂ ದುಡ್ಡು ತೆರುವುದು ಬೇಡ.